ಹೊಳಲ್ಕೆರೆಯಿಂದ ಅಲೆಕ್ಸಾಂಡ್ರಿಯಕ್ಕೆ: ರಾಜನಾಮಗಳ ವಲಸೆ ಕುರಿತು ಒಂದು ಪ್ರೌಢ ಸಂಶೋಧನೆ

ಪ್ರಾಚೀನ ಗ್ರೀಕ್ ರಾಜವಂಶಗಳು ಮಕ್ಕಳಿಗೆ ಹೆಸರಿಡುವ ಕ್ರಮವನ್ನು ಹೊಳಲ್ಕೆರೆ ಸೀಮೆಯಿಂದಲೇ ಕಲಿತವು ಎಂಬುದನ್ನು ಈ ಪ್ರಬಂಧ ಸಾಧಿಸಲಿದೆ. ಇದುವರೆಗೆ ಯಾರೂ ಹೀಗೆ ಹೇಳಿಲ್ಲ ಎಂಬುದೇ ಮೊದಲ ಆಧಾರ. ಲೋಕದ ವಿದ್ವಾಂಸರೆಲ್ಲ ಇಷ್ಟು ಒಗ್ಗಟ್ಟಾಗಿ ಬಾಯಿ ಮುಚ್ಚಿಕೊಂಡಿರಬೇಕಾದರೆ ವಿಷಯ ದೊಡ್ಡದೇ ಇರಬೇಕು. ಈಗ ಇದು ತುರ್ತಾಗಿರುವುದು ಕಂಪ್ಯೂಟರಿನ ಇತಿಹಾಸದ ಆಟಗಳಿಂದ. ‘ಇಂಪರೇಟರ್: ರೋಮ್’ ಆಟ ಕ್ರಿ.ಪೂ. 304ರಲ್ಲಿ ತೆರೆದುಕೊಳ್ಳುತ್ತದೆ, ಅಲೆಕ್ಸಾಂಡರನ ಸೇನಾನಿಗಳಾಗಿದ್ದ ಟಾಲೆಮಿ ಸೆಲ್ಯೂಕಸರೆಲ್ಲ ಅಲ್ಲಿ ಜೀವಂತ. ‘ಕ್ರುಸೇಡರ್ ಕಿಂಗ್ಸ್’ನಲ್ಲಂತೂ ಮಗುವಿಗೆ ಅಪ್ಪನ ಅಪ್ಪನ ಹೆಸರು ಬರುವ ಸಂಭವ ಇಷ್ಟು, ತಾಯಿಯ ಅಪ್ಪನದು ಇಷ್ಟು, ಅಪ್ಪನದೇ ಬರುವುದು ಇಷ್ಟು ಎಂದು ಒಂದೊಂದು ಸಂಸ್ಕೃತಿಗೂ ಲೆಕ್ಕ ಬರೆದಿಟ್ಟಿರುತ್ತಾರೆ, ಯಂತ್ರ ಚೀಟಿ ಎತ್ತುತ್ತದೆ. ನಮ್ಮಲ್ಲಿ ತೊಟ್ಟಿಲ ಬಳಿ ಸೋದರತ್ತೆ ಕಿವಿಯಲ್ಲಿ ಉಸುರುವ ಕೆಲಸ ಇದು. ಆಕೆಯನ್ನು ಶೇಕಡಾವಾರು ಕೇಳುವ ಧೈರ್ಯ ಯಾರಿಗೂ ಇಲ್ಲದ್ದರಿಂದ ನಮ್ಮ ಕಡೆಯ ಲೆಕ್ಕ ಆಟಗಳಿಗೆ ಸೇರಲಿಲ್ಲ.

ಗ್ರೀಕರ ನಿಯಮ ಮೇಲ್ನೋಟಕ್ಕೆ ಸರಳ: ಹಿರಿಯ ಮಗನಿಗೆ ತಾತನ ಹೆಸರು. ಸೆಲ್ಯೂಕಸನ ಅಪ್ಪ ಆಂಟಿಯೋಕಸ್, ಮಗನೂ ಆಂಟಿಯೋಕಸ್. ಮ್ಯಾಸಿಡೋನಿಯದಲ್ಲಿ ಆಂಟಿಗೋನಸನ ಮಗ ಡಿಮಿಟ್ರಿಯಸ್, ಅವನ ಮಗ ಆಂಟಿಗೋನಸ್, ಅವನ ಮಗ ಮತ್ತೆ ಡಿಮಿಟ್ರಿಯಸ್. ನಮ್ಮ ಮೈಸೂರಿನ ಚಾಮರಾಜ–ಕೃಷ್ಣರಾಜರ ಸರದಿ ನೋಡಿದವರಿಗೆ ಇದರಲ್ಲಿ ಬೆರಗಿಲ್ಲ. ಈಜಿಪ್ಟಿನ ಟಾಲೆಮಿಗಳು ಯೋಚಿಸುವ ಶ್ರಮವನ್ನೇ ಬಿಟ್ಟು ಸುಮಾರು ಮುನ್ನೂರು ವರ್ಷ ಒಂದೇ ಹೆಸರಿನಲ್ಲಿ ಆಳಿದರು. ಆದರೆ ತಾತನ ಮೇಲಿನ ಪ್ರೀತಿ ಇದಕ್ಕೆ ಕಾರಣವೆನ್ನುವುದು ಮೇಲುಮೇಲಿನ ಮಾತು. ಪಟ್ಟದ ಹಕ್ಕು ಎಷ್ಟು ತೆಳ್ಳಗಿದೆಯೋ ಹೆಸರು ಅಷ್ಟು ಹಳೆಯದಾಗಿರುತ್ತದೆ. ಇದೇ ನಮ್ಮ ಸಿದ್ಧಾಂತ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ತೀರಿಕೊಂಡಾಗ, ರಾಜ್ಯಭಾರ ಮಾಡಲಾರದ ಅವನ ಮಲಸಹೋದರ ಆರಿಡಿಯಸನನ್ನು ಸೈನಿಕರು ಗದ್ದುಗೆಗೆ ಏರಿಸಿದರು. ಮೊದಲು ಮಾಡಿದ ಕೆಲಸವೆಂದರೆ ಅವನಿಗೆ ಅಪ್ಪನಾದ ಫಿಲಿಪ್ಪನ ಹೆಸರಿಟ್ಟದ್ದು. ಮ್ಯಾಸಿಡೋನಿಯದ ರಾಜ್ಯ ಮುಗಿದ ಮೇಲೂ ಆಂಡ್ರಿಸ್ಕಸ್ ಎಂಬೊಬ್ಬ ತಾನೇ ಫಿಲಿಪ್ ಎಂದು ಹೇಳಿಕೊಂಡು ಬಂದು ರೋಮನ್ನರ ನಿದ್ದೆಗೆಡಿಸಿದ.

ಈಗ ಚಿತ್ರದುರ್ಗದ ನಾಯಕರ ಕಡೆ ತಿರುಗೋಣ. ಮೂಲಪುರುಷ ತಿಮ್ಮಣ್ಣ ನಾಯಕ ವಿಜಯನಗರದಿಂದ ಮೊದಲು ಹೊಳಲ್ಕೆರೆಯ ನಾಯಕತನ ಪಡೆದ, ಆಮೇಲೆ ಹಿರಿಯೂರು, ಆಮೇಲೆ ಚಿತ್ರದುರ್ಗ. ಅವನು ಶತ್ರುಪಾಳಯದಲ್ಲಿ ಕುದುರೆ ಕದಿಯಲು ಹುಲ್ಲಿನಡಿ ಅವಿತಿದ್ದಾಗ, ಕುದುರೆಯಾಳು ಗೂಟ ಬಡಿದದ್ದು ನೇರ ಇವನ ಕೈ ಮೇಲೆ ಇಳಿಯಿತಂತೆ. ಉಸಿರೆತ್ತದೆ ಬಿದ್ದಿದ್ದು, ಸದ್ದಡಗಿದ ಮೇಲೆ ಕುದುರೆಯೊಂದಿಗೇ ಹೊರಬಿದ್ದನಂತೆ. ಇಂಥವನ ಹಕ್ಕನ್ನು ಪ್ರಶ್ನಿಸುವವರಿರಲಿಲ್ಲ, ಹಾಗಾಗಿ ತಿಮ್ಮಣ್ಣ ಎಂಬ ಸಾದಾ ಹೆಸರೇ ಸಾಕಾಯಿತು. ಮಗ ಓಬಣ್ಣ ವಿಜಯನಗರದ ಹಂಗು ಕಳಚಿಕೊಂಡು ಸ್ವತಂತ್ರನಾದ, ಕೂಡಲೇ ಮದಕರಿಯಾದ. 1674ರಿಂದ 1689ರವರೆಗೆ ದುರ್ಗದಲ್ಲಿ ದಳವಾಯಿಗಳು ನಾಯಕರನ್ನು ಏರಿಸಿದ್ದೂ ಇಳಿಸಿದ್ದೂ ತ.ರಾ.ಸು. ಕಾದಂಬರಿ ಓದಿದವರಿಗೆಲ್ಲ ಗೊತ್ತು. ಆ ರಕ್ತದ ನಡುವೆ ಬಿಳಿಚೋಡಿನಿಂದ ಬಂದು ಗಾದಿ ಹತ್ತಿದವನು ಭರಮಣ್ಣ ನಾಯಕ. ಆ ಹೆಸರಿನವನೊಬ್ಬ ಹಿಂದೆ ಆಳಿದ್ದಿಲ್ಲ. ಮಗನಿಗೇನು ಹೆಸರಿಟ್ಟ? ಮದಕರಿ. ಮೊಮ್ಮಗ? ಕಸ್ತೂರಿ ರಂಗಪ್ಪ. ಎರಡು ತಲೆಮಾರಿನಲ್ಲಿ ಹಳೇ ವಂಶದ ಎರಡು ದೊಡ್ಡ ಹೆಸರೂ ಮನೆ ಸೇರಿದವು. ಆ ರಂಗಪ್ಪನಿಗೆ ಸಂತಾನವಿಲ್ಲದೆ ಜಾನಕಲ್ಲಿನ ಭರಮಪ್ಪನ ಎಳೆಯ ಮಗನನ್ನು ಕೂರಿಸಬೇಕಾಗಿ ಬಂದಾಗ, ಗದ್ದುಗೆಯಲ್ಲಿ ಕಂಡದ್ದು ಮತ್ತೊಬ್ಬ ಮದಕರಿ. 1779ರಲ್ಲಿ ಹೈದರನ ಕೈಗೆ ಸಿಕ್ಕಿದವನು ಇವನೇ. ಆರಿಡಿಯಸನನ್ನು ಫಿಲಿಪ್ ಮಾಡಿದವರ ಪಾಠ ಎಲ್ಲಿಯದು ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ತಿಮ್ಮಣ್ಣ ಹದಿನಾರನೇ ಶತಮಾನದವನು, ಮೊದಲ ಟಾಲೆಮಿ ಅದಕ್ಕಿಂತ ಸಾವಿರದ ಎಂಟುನೂರು ವರ್ಷ ಹಿಂದೆಯೇ ತೀರಿಹೋದವನು, ಕಲಿತದ್ದು ಹೇಗೆ ಎಂದು ಕೆಲವರು ಆಕ್ಷೇಪಿಸಬಹುದು. ಇದು ಕಾಲಗಣನೆಯ ಸಣ್ಣ ತೊಡಕು. ಸಾಲ ಪಡೆಯುವವನು ಕೊಡುವವನಿಗಿಂತ ಮೊದಲು ಹುಟ್ಟಬಾರದೆಂದು ಯಾವ ಬ್ಯಾಂಕೂ ಹೇಳಿಲ್ಲ. ದಾರಿಯಂತೂ ಇತ್ತು. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳ ಕ್ಷೇಮ ವಿಚಾರಿಸಿ ಕಳಿಸಿದ ಕಾಗದ ಅದು. ಬರೆದ ಚಪಡ ತಾನು ಲಿಪಿಕಾರನೆಂಬುದನ್ನು ಮಾತ್ರ ಬ್ರಾಹ್ಮಿ ಬಿಟ್ಟು, ಗ್ರೀಕರ ನೆರೆಯಾದ ವಾಯವ್ಯದ ಖರೋಷ್ಠಿಯಲ್ಲಿ ಕೆತ್ತಿದ. ಅದೇ ಅಶೋಕ ತನ್ನ ಹದಿಮೂರನೇ ಶಾಸನದಲ್ಲಿ ಅಂತಿಯೋಕ, ತುರಮಾಯ, ಅಂತಿಕಿನಿ, ಮಗ, ಅಲಿಕಸುಂದರ ಎಂದು ಐವರು ಗ್ರೀಕ್ ರಾಜರನ್ನು ಹೆಸರಿಸುತ್ತಾನೆ. ಹೊಳಲ್ಕೆರೆಯ ಪದ್ಧತಿ ಇಸಿಲದ ಅಂಚೆಯಲ್ಲಿ ಅಲೆಕ್ಸಾಂಡ್ರಿಯ ಮುಟ್ಟಲಿಲ್ಲವೆಂದು ಸಾಬೀತು ಮಾಡುವ ಹೊಣೆ ಇನ್ನು ವಿರೋಧಿಗಳದು.

ಎರಡನೇ ಆಕ್ಷೇಪ ಕೊಂಚ ಗಟ್ಟಿ: ಎಲ್ಲರಿಗೂ ಒಂದೇ ಹೆಸರಾದರೆ ಗುರುತಿಸುವುದು ಹೇಗೆ? ಆಟಗಳು ‘ಎರಡನೇ ಟಾಲೆಮಿ’ ಎಂದು ಅಂಕಿ ಅಂಟಿಸುತ್ತವೆ. ಅದು ನಮ್ಮ ಕಾಲದ ಇತಿಹಾಸಕಾರರ ಅನುಕೂಲ. ಅಶೋಕನ ತುರಮಾಯನಿಗೆ ಅಂಕಿ ಇರಲಿಲ್ಲ, ಅವನು ಎಷ್ಟನೆಯವನೆಂದು ಪಂಡಿತರೇ ಲೆಕ್ಕ ಹಾಕಬೇಕಾಯಿತು. ಪ್ರಜೆಗಳಿಗೆ ಅಡ್ಡಹೆಸರೇ ಸಾಕಿತ್ತು. ಎಂಟನೇ ಟಾಲೆಮಿ ಡೊಳ್ಳುಹೊಟ್ಟೆಯವನು, ಹನ್ನೆರಡನೆಯವನು ಕೊಳಲೂದುವವನು. ನಮ್ಮಲ್ಲೂ ಹಿರಿ ಮದಕರಿ, ದೊಣ್ಣೆ ರಂಗಪ್ಪ. ದೊಣ್ಣೆಯೆದುರು ಕೊಳಲು ನಿಲ್ಲದು ಎಂಬುದನ್ನು ನಿಷ್ಪಕ್ಷಪಾತಿಗಳು ಒಪ್ಪುತ್ತಾರೆ.

ಊರುಗಳ ಹೆಸರಿನಲ್ಲಿ ಮಾತ್ರ ಶಿಷ್ಯರು ಗುರುವನ್ನು ಮೀರಿಸಿದರು. ಸೆಲ್ಯೂಕಸ್ ಅಪ್ಪನ ಹೆಸರಿನಲ್ಲಿ ಹದಿನಾರು, ತಾಯಿಯ ಹೆಸರಿನಲ್ಲಿ ಐದು, ತನ್ನದೇ ಹೆಸರಿನಲ್ಲಿ ಒಂಬತ್ತು ಊರು ಕಟ್ಟಿದನೆಂದು ಇತಿಹಾಸಕಾರ ಆಪಿಯನ್ ಲೆಕ್ಕ ಕೊಡುತ್ತಾನೆ. ನಮ್ಮ ಚಿಕ್ಕಣ್ಣ ನಾಯಕ ಬಾಗೂರಿನ ಕಡೆ ದಂಡಯಾತ್ರೆಗೆಂದು ಕೋಟೆ ಕಟ್ಟಿ, ಹೊಸದಾಗಿದೆಯಲ್ಲ ಎಂದು ಹೊಸದುರ್ಗ ಎಂದು ಸುಮ್ಮನಾದ. ಈ ಸಂಕೋಚವನ್ನು ಹಿರಿಯೂರಿನಲ್ಲಿ ಮೈಸೂರಿನವರು ಸರಿಪಡಿಸಿದರು. ಎರಡನೇ ಟಾಲೆಮಿ ಫಯ್ಯೂಮಿನ ಕೆರೆಯ ನೀರು ತಗ್ಗಿಸಿ, ಮೇಲೆದ್ದ ನೆಲಕ್ಕೆ ರಾಣಿ ಆರ್ಸಿನೋಯಿಯ ಹೆಸರಿಟ್ಟಿದ್ದ. ಇಲ್ಲಿ 1898ರಿಂದ 1907ರವರೆಗೆ ವೇದಾವತಿಗೆ ಕಟ್ಟೆ ಕಟ್ಟಿ, ನೆಲವನ್ನು ಮುಳುಗಿಸಿ, ನೀರಿಗೇ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ಹಿರಿಯೂರಿನ ರೈತರು ಇಂದಿಗೂ ಅದನ್ನು ಮಾರಿಕಣಿವೆ ಎಂದೇ ಕರೆಯುತ್ತಾರೆ. ಈ ಸಂಭವಕ್ಕೆ ಯಾವ ಆಟವೂ ಇನ್ನೂ ಶೇಕಡಾವಾರು ಗೊತ್ತುಮಾಡಿಲ್ಲ. ಮುಂದಿನ ಆವೃತ್ತಿಯಲ್ಲಾದರೂ ಇದಕ್ಕೊಂದು ಸಾಲು ಸೇರಬೇಕು, ದೊಣ್ಣೆಗೂ ಒಂದು.