ಕ್ಲಿಕ್ ಅಂದರೆ ಬರೀ ಮೌಸಲ್ಲ ಕಣಮ್ಮ

ನೀನು ಮಾಡಿದ ಪುಟ ನೋಡಿದೆ ಕಣಮ್ಮ. ಬಣ್ಣ, ಅಕ್ಷರ, ಜೋಡಣೆ ಎಲ್ಲ ಒಪ್ಪವಾಗಿದೆ. ಒಂದು ವಿಷಯ ಹೇಳಬೇಕು ಅಂತಲೇ ಬೇಲಿ ಹತ್ತಿರ ಕರೆದೆ. ಆ ‘ಕಳುಹಿಸು’ ಇದೆಯಲ್ಲ, ಅದು ಬಟನ್ ಅಲ್ಲ. ಡಿವ್ ಒಂದಕ್ಕೆ ಬಣ್ಣ ಬಳಿದು, ಮೂಲೆ ದುಂಡಗೆ ಮಾಡಿ, ಆನ್‌ಕ್ಲಿಕ್ ಕಟ್ಟಿದ್ದೀಯ. ಮೌಸಲ್ಲಿ ಒತ್ತಿದರೆ ಕೆಲಸ ಆಗುತ್ತೆ, ಸರಿ. ಟ್ಯಾಬ್ ಕೀಲಿ ಒತ್ತುತ್ತಾ ಬಾ ನೋಡೋಣ, ಫೋಕಸ್ ಅದರ ಮೇಲೆ ನಿಲ್ಲೋದೇ ಇಲ್ಲ. ಟ್ಯಾಬ್‌ಇಂಡೆಕ್ಸ್ ಕೊಟ್ಟು ನಿಲ್ಲಿಸಿದರೂ, ಎಂಟರ್ ಒತ್ತಿದರೆ ಏನೂ ಆಗಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನ ಬಟನ್ ಅಂತ ಹೇಳೋದೂ ಇಲ್ಲ.

ಅದೇ ಜಾಗದಲ್ಲಿ ನಿಜವಾದ ಬಟನ್ ಟ್ಯಾಗ್ ಹಾಕು. ಎಂಟರ್ ಒತ್ತಲಿ, ಸ್ಪೇಸ್ ಒತ್ತಲಿ, ಬೆರಳು ತಾಗಿಸಲಿ, ಬ್ರೌಸರ್ ತಾನಾಗಿ ಕ್ಲಿಕ್ ಇವೆಂಟನ್ನೇ ಹುಟ್ಟಿಸುತ್ತೆ. ನೀನು ಒಂದು ಸಾಲೂ ಹೆಚ್ಚಿಗೆ ಬರೆಯಬೇಕಾಗಿಲ್ಲ. ಬೇಗ ಆಗಲಿ ಅಂತ ಕೆಲವರು ಕ್ಲಿಕ್ ಬಿಟ್ಟು ಮೌಸ್‌ಡೌನ್ ಹಿಡಿಯುತ್ತಾರೆ. ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಬಟನ್ ಮೇಲೆ ಒತ್ತಿದ ಮೇಲೆ ‘ಅಯ್ಯೋ ಇದು ಬೇಡ’ ಅನ್ನಿಸಿದರೆ, ಹಾಗೇ ಪಕ್ಕಕ್ಕೆ ಸರಿಸಿ ಬೆರಳೆತ್ತಬಹುದು, ಆಗ ಆ ಬಟನ್ನಿಗೆ ಕ್ಲಿಕ್ ಆಗೋದಿಲ್ಲ. ಕೈ ನಡುಗುವ ಹಿರಿಯರಿಗೆ ಆ ಒಂದು ಅವಕಾಶ ದೊಡ್ಡದು. ಮೌಸ್‌ಡೌನ್ ಹಿಡಿದರೆ ಅದನ್ನ ಕಿತ್ತುಕೊಂಡ ಹಾಗೆ.

ಇನ್ನು ನೀನು ಕೇಳಿದ್ದು, ಒಳಗಿನದನ್ನ ಒತ್ತಿದರೆ ಹೊರಗಿನ ಪೆಟ್ಟಿಗೆಯ ಫಂಕ್ಷನ್ನೂ ಯಾಕೆ ಓಡುತ್ತೆ ಅಂತ. ವಠಾರದ ಒಳಮನೆಯಲ್ಲಿ ಕೂಗಿದ್ದು ನಡುಮನೆಗೂ ಬೀದಿಬಾಗಿಲಿಗೂ ಕೇಳಿಸುವ ಹಾಗೆ, ಒಳಗೆ ಆದ ಕ್ಲಿಕ್ ಒಂದೊಂದೇ ಹೆತ್ತ ಟ್ಯಾಗಿಗೆ ಏರುತ್ತಾ ಡಾಕ್ಯುಮೆಂಟ್ ತನಕ ಹೋಗುತ್ತೆ. ಇದೇ ಬಬ್ಲಿಂಗ್. ಇದರ ಹಿಂದೆ ಒಂದು ಜಗಳವೇ ಇದೆ. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಜಾವಾಸ್ಕ್ರಿಪ್ಟ್ ಭಾಷೆ ಕಟ್ಟಿದರು. 1997ರ ಹೊತ್ತಿಗೆ ಬ್ರೌಸರುಗಳಲ್ಲಿ ನೆಟ್‌ಸ್ಕೇಪ್ 4 ಇವೆಂಟನ್ನ ಮೇಲಿನಿಂದ ಕೆಳಕ್ಕೆ ಇಳಿಸುತ್ತಿತ್ತು, ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಕೆಳಗಿನಿಂದ ಮೇಲಕ್ಕೆ ಏರಿಸುತ್ತಿತ್ತು. ಒಂದೇ ಪುಟ ಎರಡರಲ್ಲೂ ನಡೆಯಬೇಕು ಅಂದರೆ ಬರೆಯೋರ ಪಾಡೇನು! 2000ದ ನವೆಂಬರಿನಲ್ಲಿ ವೆಬ್ಬಿನ ನಿಯಮ ರೂಪಿಸುವ ಡಬ್ಲ್ಯು3ಸಿ ಎರಡನ್ನೂ ಸೇರಿಸಿ ರಾಜಿ ಮಾಡಿತು: ಮೊದಲು ಇಳಿ, ಗುರಿ ಮುಟ್ಟು, ಆಮೇಲೆ ಏರು. ಆಡ್‌ಇವೆಂಟ್‌ಲಿಸನರ್‌ಗೆ ಮೂರನೆಯ ಆರ್ಗ್ಯುಮೆಂಟಾಗಿ ‘ಟ್ರೂ’ ಕೊಟ್ಟರೆ ಇಳಿಯುವಾಗಲೇ ಹಿಡಿಯಬಹುದು. ಎಕ್ಸ್‌ಪ್ಲೋರರ್ ಈ ದಾರಿಗೆ ಬಂದದ್ದು 2011ರಲ್ಲಿ, ತನ್ನ 9ನೇ ಆವೃತ್ತಿಯಲ್ಲಿ.

ಈ ಏರಿಕೆಯಿಂದ ಎಷ್ಟು ಉಪಕಾರ ಗೊತ್ತಾ? ನಿನ್ನ ಪಟ್ಟಿಯಲ್ಲಿ ನೂರು ಸಾಲಿಗೂ ನೂರು ಲಿಸನರ್ ಇವೆ. ಹೊಸ ಸಾಲು ಸೇರಿಸಿದರೆ ಅದು ಮೂಕಾಗಿ ಕೂರುತ್ತೆ. ಪಟ್ಟಿಗೇ ಒಂದು ಲಿಸನರ್ ಕಟ್ಟು, ಯಾವ ಸಾಲು ಒತ್ತಿದರು ಅಂತ ಇವೆಂಟಿನ ಟಾರ್ಗೆಟ್ಟನ್ನ ಕೇಳು. ನಾಳೆ ಸೇರುವ ಸಾಲಿಗೂ ಅದೇ ಸಾಕು. ಎಚ್ಚರ ಒಂದೇ: ಬಟನ್ನಿನೊಳಗೆ ಚಿತ್ರ ಇಟ್ಟಿದ್ದರೆ ಟಾರ್ಗೆಟ್ ಆ ಚಿತ್ರವೇ ಆಗಿರಬಹುದು. ‘ಕ್ಲೋಸೆಸ್ಟ್’ ಬಳಸಿ ಬಟನ್ ತನಕ ಏರಿಕೋ.

ಹೊರಗಿನದು ಓಡಿತು ಅಂತ ಸಿಟ್ಟಿನಿಂದ ಸಿಕ್ಕಸಿಕ್ಕಲ್ಲಿ ಸ್ಟಾಪ್‌ಪ್ರಾಪಗೇಷನ್ ಹಾಕಿದ್ದೀಯಲ್ಲ, ಅದನ್ನ ತೆಗಿ ತಾಯಿ. ಹೊರಗೆಲ್ಲಾದರೂ ಒತ್ತಿದರೆ ಮೆನು ಮುಚ್ಚಬೇಕು ಅಂತ ಡಾಕ್ಯುಮೆಂಟಿನಲ್ಲಿ ಒಬ್ಬರು ಬರೆದಿರುತ್ತಾರೆ. ನಿನ್ನ ತಡೆಯಿಂದ ಆ ಸುದ್ದಿ ಅಲ್ಲಿಗೆ ಮುಟ್ಟೋದೇ ಇಲ್ಲ, ಮೆನು ತೆರೆದೇ ಇರುತ್ತೆ. ತಪ್ಪು ಎಲ್ಲಿದೆ ಅಂತ ಹುಡುಕೋರಿಗೆ ದಿನ ಹಾಳು. ಲಿಂಕು ಬೇರೆ ಪುಟಕ್ಕೆ ಹೋಗದಿರಲಿ ಅನ್ನೋದು ನಿನ್ನ ಉದ್ದೇಶವಾದರೆ ಅದಕ್ಕೆ ಪ್ರಿವೆಂಟ್‌ಡಿಫಾಲ್ಟ್ ಇದೆ. ಎರಡೂ ಬೇರೆ ಬೇರೆ ಕೆಲಸ.

ಹಾಂ, ಪುಟ ತೆರೆದ ಕೂಡಲೇ ಯಾರೂ ಒತ್ತದೆ ‘ಉಳಿಸು’ ಓಡಿತು ಅಂದೆಯಲ್ಲ? ಲಿಸನರ್ ಕಟ್ಟುವಾಗ ಫಂಕ್ಷನ್ ಹೆಸರಾದ ಮೇಲೆ ಆವರಣ ಹಾಕಿಬಿಟ್ಟಿರುತ್ತೀಯ. ಹಾಗೆ ಬರೆದರೆ ಅಲ್ಲೇ ಓಡುತ್ತೆ. ಬರೀ ಹೆಸರು ಕೊಡು.

ಕೊನೆಯದು ದುಡ್ಡಿನ ಮಾತು. ನೆಟ್ ನಿಧಾನವಾದಾಗ ‘ಪಾವತಿಸು’ ಅನ್ನೋದನ್ನ ಜನ ಎರಡೆರಡು ಸಲ ಒತ್ತುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಫಾರ್ಮಿನಲ್ಲಿ ಬಟನ್ನಿನ ಕ್ಲಿಕ್ಕಿಗಿಂತ ಫಾರ್ಮಿನ ಸಬ್ಮಿಟ್ ಇವೆಂಟನ್ನೇ ಹಿಡಿ. ಮೊದಲ ಸಲವೇ ಬಟನ್ನನ್ನ ನಿಷ್ಕ್ರಿಯ ಮಾಡಿ, ‘ಕಳುಹಿಸಲಾಗುತ್ತಿದೆ’ ಅಂತ ತೋರಿಸು. ವಿಫಲವಾದರೆ ಮತ್ತೆ ತೆರೆದುಕೊಡೋದು ಮರೆಯಬೇಡ. ಅಷ್ಟಕ್ಕೇ ನಿಶ್ಚಿಂತೆಯಾಗಿ ಕೂರಬೇಡ ಕಣಮ್ಮ. ಪುಟದ ಸ್ಕ್ರಿಪ್ಟನ್ನ ಯಾರು ಬೇಕಾದರೂ ನಿಲ್ಲಿಸಬಹುದು, ಬದಲಿಸಬಹುದು. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ರೇ ತಿರಸ್ಕರಿಸಬೇಕು. ಆ ಭಾಗ ಬರೆಯುವವರ ಹತ್ತಿರ ಇವತ್ತೇ ಮಾತಾಡು.