ಸರ್ವಜ್ಞನ ಇತ್ತೀಚಿನ ವಚನಗಳು: ಒಂದು ಪಾಠಪರಿಷ್ಕರಣೆ

ಮಾಸೂರು ತಂದೆ ಬಸವರಸನ ಊರು, ಅಬಲೂರು ತಾಯಿ ಮಾಳಿಯ ಊರು ಎಂಬ ಐತಿಹ್ಯ ಹಿಡಿದು ಸರ್ವಜ್ಞ ಯಾವ ಊರಿನವನೆಂದು ವಿದ್ವಾಂಸರು ಸಾಕಷ್ಟು ಶಾಯಿ ಸುರಿದಿದ್ದಾರೆ. ಆತ ಈಗಲೂ ಬರೆಯುತ್ತಿದ್ದಾನೆ ಎಂಬ ಸಂಗತಿ ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸುಮಾರು ಎರಡು ಸಾವಿರ ವಚನಗಳನ್ನು ಕಲೆಹಾಕಿ ಅಚ್ಚು ಹಾಕಿಸಿದರು. ಪಾಪ, ಅವರ ಕಾಲಕ್ಕೆ ವಾಟ್ಸಾಪ್ ಇರಲಿಲ್ಲ.

ಮೊದಲು ಕಾಲನಿರ್ಣಯ. ಹೊಸದಾಗಿ ದೊರೆತ ವಚನಗಳಲ್ಲಿ ಗ್ರೀನ್ ಟೀ, ಶುಗರ್, ಗೃಹಸಾಲದ ಕಂತು, ಸೊಸೆಯ ಮೊಬೈಲು ಬರುತ್ತವೆ. ಎಲ್ಲದರ ಕೊನೆಗೂ ‘ಸರ್ವಜ್ಞ’ ಎಂಬ ಅಂಕಿತವಿದೆ. ನೆತ್ತಿಯ ಮೇಲೆ ‘ಫಾರ್ವರ್ಡ್’ ಎಂಬ ಲಿಪಿಕಾರನ ಗುರುತೂ ಇದೆ. ಈ ಗುರುತು ಬಳಕೆಗೆ ಬಂದದ್ದು 2018ರಲ್ಲಾದ್ದರಿಂದ ಕವಿಯ ಕಾಲವನ್ನು ಕೆಲವು ಶತಮಾನ ಮುಂದಕ್ಕೆ ತಳ್ಳದೆ ಗತ್ಯಂತರವಿಲ್ಲ.

ಛಂದಸ್ಸಿನ ತೊಡಕು ಇದಕ್ಕಿಂತ ದೊಡ್ಡದು. ತ್ರಿಪದಿಗೆ ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹೊಸ ವಚನಗಳಲ್ಲಿ ಆರನೆಯ ಗಣವೇ ಸಿಗುವುದಿಲ್ಲ, ಆ ಜಾಗದಲ್ಲಿ ಕೈಮುಗಿದ ಚಿತ್ರವೊಂದಿದೆ. ಬ್ರಹ್ಮಗಣಕ್ಕೆ ಎರಡು ಅಂಶ, ಮುಗಿದ ಕೈಗಳೂ ಎರಡು. ಲೆಕ್ಕ ಸರಿಹೋಯಿತೆಂಬುದು ನಿವೃತ್ತ ನೌಕರರ ಶಾಖೆಯ ವಾದ. ಹತ್ತನೆಯ ಗಣದಲ್ಲಿ ಗುಲಾಬಿ ಹೂ ಒಂದೇ ಇದ್ದದ್ದನ್ನು ತೋರಿಸಿದಾಗ ಅವರು ನನ್ನನ್ನು ಗ್ರೂಪಿನಿಂದ ತೆಗೆದರು. ವಿದ್ವತ್ ವಲಯದಲ್ಲಿ ಇದೇನೂ ಹೊಸತಲ್ಲ.

ಇನ್ನು ಕರ್ತೃತ್ವ. ಬ್ಯಾಡಗಿ ಕಡೆಯ ಮೇಷ್ಟ್ರೊಬ್ಬರು ಮೆಣಸಿನಕಾಯಿ ದರದ ಮೇಲೆ, ಗಣ ತಪ್ಪದಂತೆ, ಒಂದು ತ್ರಿಪದಿ ಕಟ್ಟಿ ಕೆಳಗೆ ಹೆಸರು ಹಾಕಿ ಬಿಟ್ಟರು ಎಂದಿಟ್ಟುಕೊಳ್ಳಿ. ಎರಡನೆಯ ಗ್ರೂಪಿಗೆ ಹೋಗುವಷ್ಟರಲ್ಲಿ ಹೆಸರು ಉದುರುತ್ತದೆ. ನಾಲ್ಕನೆಯದರಲ್ಲಿ ಸರ್ವಜ್ಞನ ಅಂಕಿತ ಅಂಟಿಕೊಳ್ಳುತ್ತದೆ. ಐದನೆಯದು ಅವರ ಬೀಗರ ಗ್ರೂಪು. ಅಲ್ಲಿಂದ ಅವರಿಗೇ ಮರಳಿ ಬರುತ್ತದೆ, ‘ಹಿಂದಿನವರು ಹೆಂಗ ಬರೀತಿದ್ರು ನೋಡ್ರಿ, ಈಗಿನವರಿಗೆ ಬರತೈತೇನು’ ಎಂಬ ಟಿಪ್ಪಣಿಯೊಂದಿಗೆ. ಮೇಷ್ಟ್ರು ಅದು ತಮ್ಮದೆಂದರೆ ಮೊದಲು ನಗು, ಆಮೇಲೆ ಸಾಂತ್ವನ: ‘ಸರ್ವಜ್ಞನ ಸಾಲಿಗೆ ಸೇರಿದಿರಲ್ರೀ ಸರ, ಇನ್ನೇನು ಬೇಕು?’

ಪೂರ್ವಪಕ್ಷ: ಕೃತಿಸ್ವಾಮ್ಯ ಹಸ್ತಾಂತರವಾದರೂ ‘ಇದು ನನ್ನದು’ ಎನ್ನುವ ಹಕ್ಕು ಬರೆದವನಲ್ಲೇ ಉಳಿಯುತ್ತದೆಂದು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಹೇಳುತ್ತದಲ್ಲ? ಸಿದ್ಧಾಂತ: ಹೇಳುತ್ತದೆ. ಆದರೆ ಕಲಂ 57 ಇನ್ನೂ ಯಾವ ಗ್ರೂಪಿಗೂ ಫಾರ್ವರ್ಡ್ ಆದಂತಿಲ್ಲ.

ಸಂಭಾವನೆಯ ವಿಚಾರದಲ್ಲಿ ಮಾತ್ರ ಪರಂಪರೆ ಮುರಿದಿದೆ. ಭಿಕ್ಷೆಯೆತ್ತಿ ಊರೂರು ತಿರುಗಿದನೆನ್ನುವ ಸರ್ವಜ್ಞನ ಜೋಳಿಗೆಗೆ ವಚನ ಕೇಳಿದ ಮನೆಯಿಂದ ಒಂದು ರೊಟ್ಟಿಯಾದರೂ ಬಿದ್ದಿರಬೇಕು. ಇಂದಿನ ಜಾಲತಾಣದ ಸಂಪಾದಕರು ಕೊಡುವುದು ಪ್ರಚಾರ. ಅದಕ್ಕೆ ಪಲ್ಯ ಹಾಕಿಕೊಳ್ಳಲು ಬರುವುದಿಲ್ಲ.

ಪಾಠಪರಿಷ್ಕರಣೆಗೆ ತೊಡಗುವವರಿಗೆ ಇಷ್ಟು ಸೂಚನೆ. ವಚನ ಬಂದೊಡನೆ ಆರನೆಯ ಗಣ ಎಣಿಸಿ. ತಪ್ಪಿದ್ದರೆ ಸರ್ವಜ್ಞನನ್ನು ಬಿಟ್ಟುಬಿಡಿ, ಆತ ಮುಗ್ಧ. ಸರಿಯಿದ್ದು, ಒಳಗೆ ಮೆಣಸಿನಕಾಯಿ ದರವೂ ಇದ್ದರೆ, ಕಳಿಸಿದವರನ್ನು ಒಂದು ಮಾತು ಕೇಳಿ: ಮೇಷ್ಟ್ರ ಹೆಸರು ಎಲ್ಲಿ ಉದುರಿತು?