ದುರ್ಯೋಧನ ಹಾರಿದ ರಾತ್ರಿ

ಹೋದ ತಿಂಗಳು ವಚನ ಸಾಹಿತ್ಯದ ವಿಚಾರ ಸಂಕಿರಣದ ಬಗ್ಗೆ ಮಾತಾಡಲು ಇಬ್ಬರು ಸಹೋದ್ಯೋಗಿಗಳು ಬೀದರಿನ ನಮ್ಮ ಮನೆಗೆ ಬಂದಿದ್ದರು. ಚಹಾ ಬರುವಷ್ಟರಲ್ಲಿ ಕ್ರಿಕೆಟ್ ಸ್ಕೋರು ನೋಡೋಣವೆಂದು ಒಬ್ಬರು ಟಿ.ವಿ. ಹಚ್ಚಿದರು. ಈಗಿನ ಟಿ.ವಿ.ಗಳಿಗೆ ಮರೆವು ಎಂಬ ಸದ್ಗುಣವೇ ಇಲ್ಲ. ಹಿಂದಿನ ರಾತ್ರಿ ನಾನು ಅರ್ಧಕ್ಕೆ ನಿಲ್ಲಿಸಿ ಮಲಗಿದ್ದ ‘ಎ ಫ್ಲೈಯಿಂಗ್ ಜಟ್’ ಪರದೆಯ ತುಂಬ ಬಂದು ನಿಂತು, ಮುಂದುವರಿಸಲೇ ಎಂದು ಎಲ್ಲರೆದುರು ಕೇಳಿತು. “ಮಗ ನೋಡಿರಬೇಕು” ಎಂದೆ. ಮಗ ಕಲಬುರಗಿಯ ಹಾಸ್ಟೆಲಿನಲ್ಲಿದ್ದಾನೆ. ಅವನ ಟ್ರಂಕು ಹೊತ್ತು ಮೂರನೆಯ ಮಹಡಿ ಹತ್ತಿಸಿದವರು, ಆಗ ರಿಮೋಟ್ ಹಿಡಿದು ಕೂತಿದ್ದ ಸಹೋದ್ಯೋಗಿಯೇ.

2016ರಲ್ಲಿ ಬಂದ ಆ ಚಿತ್ರದ ನಾಯಕನಿಗೆ ಹಾರುವ ಶಕ್ತಿ ಇದೆ, ಆದರೆ ಎತ್ತರವೆಂದರೆ ಭಯ. ಹಾಗಾಗಿ ನೆಲಕ್ಕೆ ಹತ್ತಿಕೊಂಡೇ ಹಾರುತ್ತಾನೆ. ಬೀದರ್ ಕೋಟೆಯ ಬುರುಜು ಹತ್ತಿ ಕೆಳಗೆ ನೋಡಿದರೆ ಮೊಣಕಾಲು ನಡುಗುವ ನನ್ನಂಥವನಿಗೆ ಇದಕ್ಕಿಂತ ಹತ್ತಿರದ ನಾಯಕ ಎಲ್ಲಿ ಸಿಗಬೇಕು? ಆದರೆ ಇದನ್ನು ಹೇಳಿಕೊಳ್ಳುವಂತಿಲ್ಲ. ನಾನು ಕಾಲೇಜಿನಲ್ಲಿ ಪಂಪ, ರನ್ನರನ್ನು ಪಾಠ ಮಾಡುವವನು. ಕುಡಿಯುವ ಮೇಷ್ಟ್ರನ್ನು ಊರು ಕ್ಷಮಿಸುತ್ತದೆ. ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಂಡವನನ್ನು ರಾತ್ರಿ ಒಂದರ ತನಕ ನೋಡುವ ಮೇಷ್ಟ್ರನ್ನು ಕ್ಷಮಿಸುವುದು ಕಷ್ಟ.

ಈ ಚಟ ಹತ್ತಿದ್ದು 1990ರ ಗಣಪತಿ ಹಬ್ಬದಲ್ಲಿ. ನಮ್ಮದು ಔರಾದ್ ತಾಲ್ಲೂಕಿನ ಗಡಿಯ ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ಸಿನಲ್ಲಿ ದಖನಿ, ಸಿನಿಮಾ ಮಾತ್ರ ಹಿಂದಿ. ಹುಡುಗರು ಪಟ್ಟಿ ಎತ್ತಿ, ಔರಾದಿನಿಂದ ಬಣ್ಣದ ಟಿ.ವಿ., ವಿ.ಸಿ.ಆರ್. ಮತ್ತು ಮೂರು ಕ್ಯಾಸೆಟ್ ಬಾಡಿಗೆಗೆ ತಂದಿದ್ದರು. ಟಿ.ವಿ. ಬಂದದ್ದು ಎತ್ತಿನ ಗಾಡಿಯಲ್ಲಿ, ಎರಡು ಗಾದಿಗಳ ನಡುವೆ, ಬಾಣಂತಿಯ ಹಾಗೆ. ಹಿರಿಯರ ಬಾಯಿ ಮುಚ್ಚಿಸಲು ಮೊದಲು ದೇವರ ಸಿನಿಮಾ, ಆಮೇಲೆ ಅಮಿತಾಭ್ ಬಚ್ಚನ್, ಬೆಳಗಿನ ಜಾವಕ್ಕೆ ‘ಸೂಪರ್‌ಮ್ಯಾನ್’.

ಇದು ಅಮೆರಿಕದ್ದಲ್ಲ, 1987ರ ಹಿಂದಿ ಸೂಪರ್‌ಮ್ಯಾನ್. ನಾಯಕ ಪುನೀತ್ ಇಸ್ಸರ್. ನಮ್ಮೂರಿಗೆ ಪುನೀತ್ ಇಸ್ಸರ್ ಎಂಬ ಹೆಸರು ಗೊತ್ತಿರಲಿಲ್ಲ, ಮುಖ ಗೊತ್ತಿತ್ತು. ದೂರದರ್ಶನದ ಮಹಾಭಾರತ ಮುಗಿದು ಎರಡೇ ತಿಂಗಳಾಗಿತ್ತು. ಅದರಲ್ಲಿ ತೊಡೆ ಮುರಿಸಿಕೊಂಡು ಬಿದ್ದಿದ್ದ ದುರ್ಯೋಧನ ಇಲ್ಲಿ ಎದ್ದು, ಕೆಂಪು ಜಮಖಾನೆ ಕಟ್ಟಿಕೊಂಡು ನಿಂತಿದ್ದ. ನೆರೆದವರಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಹಿಂದಿನಿಂದ ಯಾರೋ ಕೂಗಿದರು: “ದುರ್ಯೋಧನ ಹಾರ್ಲತ್ತಾನಪೋ!”

ಕತೆಯಲ್ಲಿ ಧರ್ಮೇಂದ್ರ ಬೇರೆ ಗ್ರಹದಿಂದ ತನ್ನ ಕೂಸನ್ನು ಭೂಮಿಗೆ ಕಳಿಸಿಬಿಡುತ್ತಾನೆ. ನನ್ನ ಪಕ್ಕ ಕೂತ ಆಯಿ ಅದನ್ನು ನೋಡಿದವಳೇ ತೀರ್ಪು ಕೊಟ್ಟಳು: “ಕೂಸಿಗೆ ಪೆಟಗ್ಯಾಗ ಹಾಕಿ ಬಿಡಾದು ಕರ್ಣನ ಕತಿ. ಪಾರ್ಟ್ ದುರ್ಯೋಧನ ಮಾಡ್ಲತ್ತಾನ. ಕರ್ಣಗ ರಜಾ ಇರಬೇಕು.” ಇವತ್ತಿಗೂ ನನಗೆ ಇದಕ್ಕಿಂತ ಚೆಂದದ ಸಿನಿಮಾ ವಿಮರ್ಶೆ ಸಿಕ್ಕಿಲ್ಲ.

ಆ ಚಿತ್ರದವರು ಹಾಲಿವುಡ್ಡಿನ ಸೂಪರ್‌ಮ್ಯಾನಿನ ತುಣುಕುಗಳನ್ನೇ ಎತ್ತಿ ಅಂಟಿಸಿಕೊಂಡಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆ ರಾತ್ರಿ ಕಂಡದ್ದು, ಒಂದು ತುಣುಕಿನ ಬಣ್ಣ ಇನ್ನೊಂದಕ್ಕೆ ಕೂಡುತ್ತಿಲ್ಲ ಎಂಬುದಷ್ಟೆ. ಅದಕ್ಕೂ ನಮ್ಮ ಹತ್ತಿರ ಉತ್ತರವಿತ್ತು: ವಿ.ಸಿ.ಆರಿನ ಹೆಡ್ಡಿನಲ್ಲಿ ಕಸ. ಆಪರೇಟರ್ ಹುಡುಗ ಮುಚ್ಚಳ ತೆಗೆದು, ಪಟ್ಟಿ ದುಡ್ಡಿನಿಂದ ಒಂದು ಗರಿಗರಿ ಹತ್ತರ ನೋಟು ಆರಿಸಿ, ಹೆಡ್ಡಿಗೆ ಹಗೂರ ಒರೆಸುತ್ತಿದ್ದ. ಹಾಗೆ ಒರೆಸುವಾಗ ಇಡೀ ಊರು ಉಸಿರು ಬಿಗಿಹಿಡಿಯುತ್ತಿತ್ತು. ಪರದೆಯ ಮೇಲೆ ಯಾರು ಯಾರನ್ನು ಎತ್ತಿ ಒಗೆದರೂ ಅಷ್ಟು ಉಸಿರು ಹಿಡಿದದ್ದು ನಾನು ಕಾಣೆ.

ಈ ಪುನೀತ್ ಇಸ್ಸರ್ ಮೇಲೆ ಬೀದರ್ ಕಡೆಯ ಬಚ್ಚನ್ ಭಕ್ತರಿಗೆ ಹಳೆಯ ಸಿಟ್ಟೂ ಇತ್ತು. 1982ರಲ್ಲಿ ಬೆಂಗಳೂರಿನಲ್ಲಿ ‘ಕೂಲಿ’ ಚಿತ್ರೀಕರಣದ ವೇಳೆ ಅಮಿತಾಭ್ ಹೊಟ್ಟೆಗೆ ಪೆಟ್ಟು ಬಿದ್ದು ಸಾವಿನ ಬಾಗಿಲ ತನಕ ಹೋಗಿ ಬಂದದ್ದು ಇವರೊಂದಿಗಿನ ಹೊಡೆದಾಟದ ದೃಶ್ಯದಲ್ಲೇ. ಅದು ಆಕಸ್ಮಿಕ, ಅವರ ತಪ್ಪಲ್ಲ. ಆದರೂ ಅಂಥವರನ್ನೇ ಲೋಕರಕ್ಷಕ ಮಾಡಿದ್ದು ಧೈರ್ಯವೇ ಸರಿ. ಪಕ್ಕದ ತೆಲುಗಿನವರು 1980ರಲ್ಲೇ ಎನ್.ಟಿ. ರಾಮರಾವ್ ಅವರನ್ನು ಸೂಪರ್‌ಮ್ಯಾನ್ ಮಾಡಿದ್ದರು. ಅಲ್ಲಿ ಶಕ್ತಿ ಕೊಡುವವನು ಸಾಕ್ಷಾತ್ ಹನುಮಂತ. ಇದು ಒಪ್ಪುವ ಮಾತು. ಹಾರುವ ಇಲಾಖೆ ಮೊದಲಿನಿಂದಲೂ ಅವನದೇ ಅಲ್ಲವೆ?

ಪಿ.ಯು.ಸಿ.ಗೆ ಭಾಲ್ಕಿಗೆ ಬಂದಾಗ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾಗಿತ್ತು. ನೋಡಿದರೆ ಮುಕೇಶ್ ಖನ್ನಾ, ಅದೇ ಮಹಾಭಾರತದ ಭೀಷ್ಮ! ಹಸ್ತಿನಾಪುರದಲ್ಲಿ ಕೆಲಸ ಹೋದವರೆಲ್ಲ ಹಾರುವ ಧಂದೆಗೆ ಇಳಿದಿದ್ದಾರೆಂದು ನನಗೆ ಖಾತ್ರಿಯಾಯಿತು. ಆದರೆ ಮೀಸೆ ಬಂದವನು ಮಕ್ಕಳ ಧಾರಾವಾಹಿ ನೋಡುವುದು ಹೇಗೆ? ಖೋಲಿಯ ಮಾಲಕರ ಮಕ್ಕಳಿಗೆ ಪುಕ್ಕಟೆ ಗಣಿತ ಹೇಳಿಕೊಡುತ್ತೇನೆಂದೆ, ಐತವಾರ ಮಧ್ಯಾಹ್ನ ಮಾತ್ರ. ಮೂರನೆಯ ವಾರ ಅವರ ಸಣ್ಣ ಮಗಳು ಕೇಳಿದಳು: “ಅಣ್ಣಾ, ಶಕ್ತಿಮಾನ್ ಗರಗರ ತಿರುಗೋ ಮುಂದ ನೀ ಯಾಕ ಬಾಯಿ ತೆರಿತಿ?” ಗಣಿತ ಅಲ್ಲಿಗೇ ನಿಂತಿತು. ಧಾರಾವಾಹಿ ನಿಲ್ಲಲಿಲ್ಲ.

ಒಂದು ಮಾತು ಸ್ಪಷ್ಟ ಮಾಡಬೇಕು. ಕೆಟ್ಟದ್ದೆಲ್ಲ ನನಗೆ ಆಗುವುದಿಲ್ಲ. ನೂರಾರು ಕೋಟಿ ಸುರಿದು, ಕಂಪ್ಯೂಟರಿನಲ್ಲಿ ಊರಿಗೆ ಊರೇ ಕೆಡವಿ, ಒಬ್ಬರ ಮುಖದಲ್ಲೂ ಧೂಳು ಕಾಣಿಸದ ಚಿತ್ರಗಳು ಬರುತ್ತವಲ್ಲ, ಅವು ನಿದ್ದೆ ತರಿಸುತ್ತವೆ. ಅದು ಸೋಮಾರಿಯ ಕೆಟ್ಟತನ. ನನಗೆ ಬೇಕಾದದ್ದು ಶ್ರದ್ಧೆಯ ಕೆಟ್ಟತನ, ಬೆನ್ನ ಹಿಂದಿನ ತಂತಿ ಕಾಣುತ್ತಿದ್ದರೂ ಮುಖದಲ್ಲಿ ಲೋಕ ಉಳಿಸುವ ಗಾಂಭೀರ್ಯ. ನಮ್ಮ ದೊಡ್ಡಾಟದಲ್ಲಿ ಹನುಮಂತನ ಬಾಲ ಬಿಚ್ಚಿ ಬಿದ್ದರೆ ಯಾರಾದರೂ ಎದ್ದು ಹೋಗುತ್ತಾರೆಯೆ? ಮುಂದೆ ಕೂತವನೊಬ್ಬ ಎದ್ದು ಬಾಲ ಕಟ್ಟಿ, ಲಂಕೆ ಸುಡಲು ಕಳಿಸುತ್ತಾನೆ. ಚೆಂದದ ಸಿನಿಮಾದ ಮುಂದೆ ಪರೀಕ್ಷೆಗೆ ಕೂತವರ ಹಾಗೆ ತೆಪ್ಪಗಿರಬೇಕು. ಕೆಟ್ಟ ಸಿನಿಮಾದಲ್ಲಿ ನಮಗೂ ಬಾಲ ಕಟ್ಟುವ ಕೆಲಸ ಸಿಗುತ್ತದೆ.

ಬೀದರಿನವರಿಗೆ ಹಾರಾಟ ಹೊಸದೂ ಅಲ್ಲ. ಸೂರ್ಯಕಿರಣ ವಿಮಾನ ತಂಡ 1996ರಲ್ಲಿ ಹುಟ್ಟಿದ್ದೇ ನಮ್ಮೂರಿನ ವಾಯುಪಡೆ ನಿಲ್ದಾಣದಲ್ಲಿ. ರೆಕ್ಕೆಗೆ ರೆಕ್ಕೆ ತಾಗುವಂತೆ ಒಂಬತ್ತು ವಿಮಾನ ಒಟ್ಟಿಗೆ ಪಲ್ಟಿ ಹೊಡೆಯುವಾಗ ನಾವು ಮಾಳಿಗೆಯ ಮೇಲೆ ಸಂಡಿಗೆ ತಿರುವಿ ಹಾಕುತ್ತಿರುತ್ತೇವೆ, ಕತ್ತೆತ್ತುವುದಿಲ್ಲ. ತಪ್ಪೇ ಇಲ್ಲದ ಹಾರಾಟದಲ್ಲಿ ಮಾತಾಡಲು ಏನಿದೆ!

ಇನ್ನು ಭಾಲ್ಕಿಯ ಮಾವನವರ ಕತೆ. ಪೂಜೆ, ಪ್ರವಚನ, ಹಿರೇಮಠ ಬಿಟ್ಟು ಬೇರೆ ತಿಳಿಯದ ಹಿರಿಯರು. ಹೋದ ದೀಪಾವಳಿಗೆ ಅವರ ಮನೆಯಲ್ಲಿದ್ದಾಗ, ಎಲ್ಲರೂ ಮಲಗಿದ ಮೇಲೆ 1987ರದ್ದೇ ಇನ್ನೊಂದು ರತ್ನ, ಅಮೆರಿಕದ ನಾಲ್ಕನೆಯ ‘ಸೂಪರ್‌ಮ್ಯಾನ್’ ಹಚ್ಚಿಕೊಂಡು ಕೂತಿದ್ದೆ. ನಿರ್ಮಾಪಕರು ನಡುವೆ ಬಜೆಟ್ಟಿಗೆ ಕತ್ತರಿ ಹಾಕಿದ್ದರಿಂದ ಅವನು ಹಾರಿ ಬರುವ ಒಂದೇ ಚಿತ್ರಿಕೆಯನ್ನು ಮತ್ತೆ ಮತ್ತೆ ತಿರುಗಿಸಿದ್ದಾರೆ. ನೀರು ಕುಡಿಯಲು ಎದ್ದ ಮಾವನವರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

“ಏನ್ ನೋಡ್ಲತ್ತೀರಿ ಅಳಿಯಂದಿರೆ?”

“ಇಂಗ್ಲಿಷ್ ಪಿಚ್ಚರ್ ಮಾವ್ರಿ. ಸಹಜ... ಭಾಷಾ ಸಲುವಾಗಿ.”

ಅವರು ತಂಬಿಗೆ ಹಿಡಿದು ಕೂತೇಬಿಟ್ಟರು. ಅಷ್ಟರಲ್ಲಿ ಸೂಪರ್‌ಮ್ಯಾನ್ ಚೀನಾದ ಮಹಾಗೋಡೆಯ ಒಡೆದ ಭಾಗವನ್ನು ಬರೀ ಕಣ್ಣಿನಿಂದ ನೋಡಿ ಕಟ್ಟಿಬಿಟ್ಟ. ಮಾವನವರ ಹುಬ್ಬು ಏರಿತು. “ಇಂವನಿಗೆ ಒಮ್ಮೆ ಬೀದರ್ಕ ಕರಸ್ರಿ. ಗವಾನನ ಮದರಸಾಕ್ಕ ಇನ್ನೊಂದು ಮಿನಾರ್ ಆಗ್ತದ.” 1472ರ ಆ ಕಟ್ಟಡದ ಎರಡು ಮಿನಾರುಗಳಲ್ಲಿ ಒಂದು, ಔರಂಗಜೇಬನ ಕಾಲದಲ್ಲಿ ಒಳಗಿಟ್ಟ ಮದ್ದು ಸಿಡಿದು ಹೋದದ್ದು ಇನ್ನೂ ಹೋದ ಹಾಗೇ ಇದೆ.

ಆಮೇಲೆ ಖಳನಾಯಕ ಒಬ್ಬಳನ್ನು ಹೊತ್ತುಕೊಂಡು ಬಾಹ್ಯಾಕಾಶಕ್ಕೆ ಹಾರಿದ. ಅವಳು ಅಲ್ಲಿ ಆರಾಮಾಗಿ ಇದ್ದಳು. “ಅಲ್ರಿ, ನಮ್ಮ ನರಸಿಂಹ ಝರಣ್ಯಾಗ ಎದಿಮಟ ನೀರಾಗ ಹೋದ್ರೇ ದಮ್ಮು ಹತ್ತತದ. ಇಕಿಗಿ ಏನೂ ಆಗ್ಲಿಲ್ಲಲ್ಲ!” ಎಂದರು. ನಾಯಕ ಕನ್ನಡಕ ಹಾಕಿಕೊಂಡು ಆಫೀಸಿಗೆ ಹೋದಾಗಂತೂ ಅವರಿಗೆ ತಡೆಯಲಾಗಲಿಲ್ಲ. “ನಿಜಾಮನ ಕಾಲದಾಗ ನಮ್ಮ ಚನ್ನಬಸವ ಪಟ್ಟದ್ದೇವರು ಹೊರಗ ಉರ್ದು ಬೋರ್ಡ್ ಹಾಕಿ, ಒಳಗ ಕನ್ನಡ ಕಲಿಸಿದ್ರು. ಅಂಥವರಿಗೇ ಒಂದು ಬೋರ್ಡ್ ಬೇಕಾಯ್ತು. ಇಂವನಿಗೆ ಬರೇ ಚಸ್ಮಾ ಸಾಕಾಯ್ತಾ?”

ಗಂಟೆ ಎರಡಾಯಿತು. ತಂಬಿಗೆಯ ನೀರು ಹಾಗೇ ಇತ್ತು. ಮುಂಜಾನೆ ಫಳಾರದ ಹೊತ್ತಿಗೆ ಮಾವನವರು ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ನಮ್ಮಿಬ್ಬರಿಗೂ ಕಣ್ಣು ಕೆಂಪಾಗಿದ್ದನ್ನು ಕಂಡ ಅತ್ತೆಯವರು, ಹವಾ ಸರಿ ಇಲ್ಲ, ಸುಂಠಿ ಕಷಾಯ ಮಾಡುತ್ತೇನೆಂದರು. ಇಬ್ಬರೂ ತೆಪ್ಪಗೆ ಕುಡಿದೆವು.

ಮೊನ್ನೆ ಶನಿವಾರ ಮಾವನವರ ಫೋನು ಬಂತು. ಮಗಳನ್ನು ಕೇಳಲಿಲ್ಲ, ಮೊಮ್ಮಗನನ್ನು ಕೇಳಲಿಲ್ಲ. ಧ್ವನಿ ತಗ್ಗಿಸಿ, “ಆ ಕೆಂಪು ಚಡ್ಡಿಯವಂದು ಇನ್ನೊಂದು ಅದ ಏನ್ರಿ?” ಎಂದರು. ಹಿಂದಿಯಲ್ಲಿ ಒಂದಿದೆ, ದುರ್ಯೋಧನನೇ ಮಾಡಿದ್ದಾನೆ, ಮುಂದಿನ ವಾರ ಬರುತ್ತೇನೆ ಎಂದೆ.

“ಅಪ್ಪಾಜಿದು ಫೋನ್? ಏನಂತ?” ಅಡುಗೆಮನೆಯಿಂದ ಹೆಂಡತಿ ಕೇಳಿದಳು.

“ಗದಾಯುದ್ಧದ ಬಗ್ಗೆ ಏನೋ ಸಂಶಯ ಇತ್ತಂತ” ಎಂದೆ.